ಬಿಳಿಗಲ್ಲು ಮತ್ತು ವಿಕ್ಟರ್ ಗ್ರಿಗ್ನಾರ್ಡ್

ಪಿ.ಯು.ಸಿ. ಗಣಿತದಲ್ಲಿ ಅನುತ್ತೀರ್ಣನಾದ ವರ್ಷ ನಾನು ಓದನ್ನು ಬಿಟ್ಟು ತಂದೆಯವರ ಕೈಮಗ್ಗದ ಮುಂದೆ ಕುಳಿತಿದ್ದೆ. ನಮ್ಮ ಶಾಲೆಯ ವಿಜ್ಞಾನದ ಮೇಷ್ಟರು ಸುದ್ದಿ ತಿಳಿದು ಮನೆಗೆ ಬಂದರು. ಸೇಲಂನ ಗುಡ್ಡಗಳಲ್ಲಿ ಅಗೆಯುವ ಬಿಳಿಯ ಮ್ಯಾಗ್ನಸೈಟ್ ಕಲ್ಲಿನ ಚೂರೊಂದನ್ನು ಕೈಗಿತ್ತು, ಅದರೊಳಗಿನ ಮೆಗ್ನೀಸಿಯಂ ಲೋಹದಿಂದ ಕೀರ್ತಿವಂತರಾದ ಒಬ್ಬ ಪ್ರಾಧ್ಯಾಪಕರ ಕಥೆಯನ್ನು ಹೇಳಿದರು. ಸುವರ್ಣ ಮಹೋತ್ಸವದ ಈ ಸಂದರ್ಭದಲ್ಲಿ ಆ ಮಹನೀಯರನ್ನು ಸ್ಮರಿಸುವುದು ನನಗೆ ಗುರುಋಣವೂ ಹೌದು.

ವಿಕ್ಟರ್ ಗ್ರಿಗ್ನಾರ್ಡ್ ಅವರು 1871ರ ಮೇ 6ರಂದು ಫ್ರಾನ್ಸಿನ ಶೆರ್ಬೂರ್ ಬಂದರಿನಲ್ಲಿ ಜನಿಸಿದರು. ತಂದೆ ಹಡಗಿನ ಹಾಯಿಗಳನ್ನು ಸಿದ್ಧಪಡಿಸುವ ಕಸುಬಿನವರು. ಲಿಯೋನ್ ನಗರದಲ್ಲಿ ಗಣಿತವನ್ನು ಓದಿದ ಮಗ ಪದವಿ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು. ಸೇನಾಸೇವೆ ಮುಗಿಸಿ ಮರಳಿ ಬಂದು, 1894ರಲ್ಲಿ ತೇರ್ಗಡೆಯಾದರು. ರಸಾಯನಶಾಸ್ತ್ರದಲ್ಲಿ ಆಗ ಅವರಿಗೆ ಒಲವಿರಲಿಲ್ಲ. ಒತ್ತಾಯಕ್ಕೆ ಮಣಿದು ಪ್ರಯೋಗಾಲಯದ ಕಿರಿಯ ಹುದ್ದೆಯೊಂದನ್ನು ಒಪ್ಪಿಕೊಂಡರು.

ಅಲ್ಲಿ ಅವರ ಗುರುಗಳಾದ ಫಿಲಿಪ್ ಬಾರ್ಬಿಯೇ ಅವರು ಸತುವಿನ ಬದಲು ಮೆಗ್ನೀಸಿಯಂ ಬಳಸಿ ಪ್ರಯೋಗ ನಡೆಸಿದ್ದರು. ಆದರೆ ಒಮ್ಮೆ ಬಂದ ಫಲ ಇನ್ನೊಮ್ಮೆ ಬರುತ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಬೆರೆಸದೆ, ತೇವಾಂಶವಿಲ್ಲದ ಈಥರಿನಲ್ಲಿ ಮೆಗ್ನೀಸಿಯಂ ಸಂಯುಕ್ತವನ್ನು ಮೊದಲೇ ಸಿದ್ಧಪಡಿಸಿಕೊಳ್ಳುವ ಸರಳ ಉಪಾಯವನ್ನು ಶಿಷ್ಯರು 1900ರಲ್ಲಿ ಕಂಡುಕೊಂಡರು. ಬ್ರೋಮೋಬೆಂಜೀನಿನಿಂದ ಹೀಗೆ ದೊರೆಯುವ ಫೀನೈಲ್ ಮೆಗ್ನೀಸಿಯಂ ಬ್ರೋಮೈಡಿನೊಂದಿಗೆ ಇಂಗಾಲದ ಡೈಆಕ್ಸೈಡನ್ನು ಸೇರಿಸಿ, ಬಳಿಕ ಆಮ್ಲದಿಂದ ಸಂಸ್ಕರಿಸಿದರೆ ಬೆಂಜೋಯಿಕ್ ಆಮ್ಲ ಲಭಿಸುತ್ತದೆ. ಇಂಗಾಲಕ್ಕೆ ಇಂಗಾಲವನ್ನು ಬೆಸೆಯುವ ಈ ವಿಧಾನವು ಔಷಧಗಳ ಹಾಗೂ ಸುಗಂಧದ್ರವ್ಯಗಳ ತಯಾರಿಕೆಗೆ ನೆರವಾಯಿತು.

1910ರಲ್ಲಿ ನಾನ್ಸಿಯಲ್ಲಿ ಪ್ರಾಧ್ಯಾಪಕರಾದ ಗ್ರಿಗ್ನಾರ್ಡ್ ಅವರಿಗೆ 1912ರಲ್ಲಿ ಪಾಲ್ ಸಬಾಟಿಯೇ ಅವರೊಂದಿಗೆ ನೊಬೆಲ್ ಪಾರಿತೋಷಕ ಸಂದಿತು. ಮೊದಲನೆಯ ಮಹಾಯುದ್ಧದಲ್ಲಿ ಅವರ ವಿದ್ಯೆ ವಿಷಾನಿಲಗಳ ಕೆಲಸಕ್ಕೂ ವಿನಿಯೋಗವಾಯಿತೆಂಬುದನ್ನು ಮರೆಮಾಚಲಾಗದು. 1919ರಲ್ಲಿ ಬಾರ್ಬಿಯೇ ಅವರ ಪೀಠವನ್ನೇ ವಹಿಸಿಕೊಂಡ ಅವರು 1935ರ ಡಿಸೆಂಬರ್ 13ರಂದು ಲಿಯೋನಿನಲ್ಲಿ ನಿಧನರಾದರು.

ಅವರು ಬಳಸಿದ ಮೆಗ್ನೀಸಿಯಂ ನಮ್ಮೂರಿನದೆಂದು ಮೇಷ್ಟರು ಹೇಳಲಿಲ್ಲ. ಹಾಯಿ ತಯಾರಿಸುವವರ ಮಗನೂ ಮಗ್ಗದವರ ಮಗನೂ ಒಂದೇ ಪರೀಕ್ಷೆಯನ್ನು ಎರಡನೆಯ ಸಲ ಬರೆಯಬಹುದೆಂದಷ್ಟೇ ತಿಳಿಸಿ ಎದ್ದು ಹೋದರು. ಮರುವರ್ಷ ನಾನು ಪರೀಕ್ಷೆಗೆ ಕುಳಿತು ತೇರ್ಗಡೆಯಾದೆ. ಮುಂದೆ ರಸಾಯನಶಾಸ್ತ್ರದ ಅಧ್ಯಾಪಕನೂ ಆದೆ. ಆ ಬಿಳಿಗಲ್ಲಿನ ಚೂರು ಇಂದಿಗೂ ನನ್ನ ಮೇಜಿನ ಮೇಲಿದೆ. ಸೋತ ವಿದ್ಯಾರ್ಥಿ ಮನೆಬಾಗಿಲಿಗೆ ಬಂದಾಗಲೆಲ್ಲ ಅದನ್ನು ಅವನ ಕೈಗಿತ್ತು ಈ ಕಥೆಯನ್ನು ಹೇಳುತ್ತೇನೆ.