ಬಾಲವನದಿಂದ ಬಾಲಪ್ರಪಂಚಕ್ಕೆ: ಶಿವರಾಮ ಕಾರಂತರ ಶಿಕ್ಷಣ ಪ್ರಯೋಗ

ಆಧುನಿಕ ಕನ್ನಡ ಸಾಹಿತ್ಯ ಚರಿತ್ರೆಯು ಕೋಟ ಶಿವರಾಮ ಕಾರಂತರನ್ನು (1902–1997) ಪ್ರಧಾನವಾಗಿ ಕಾದಂಬರಿಕಾರರೆಂದೇ ಗುರುತಿಸುತ್ತ ಬಂದಿದೆ. ಮಕ್ಕಳಿಗಾಗಿ ಅವರು ಮಾಡಿದ ಕೆಲಸವು ಇತರ ಕೃತಿಗಳ ಪಟ್ಟಿಯಲ್ಲಿ ಒಂದೆರಡು ಸಾಲುಗಳಿಗೆ ಸೀಮಿತವಾಗಿಬಿಡುತ್ತದೆ. ಈ ವಿಂಗಡಣೆ ಸಮರ್ಪಕವಾದುದಲ್ಲ. ಕಾದಂಬರಿ, ಯಕ್ಷಗಾನ, ವಿಜ್ಞಾನ ಬರವಣಿಗೆಗಳನ್ನು ಒಂದುಗೂಡಿಸುವ ಎಳೆಯೊಂದು ಕಾರಂತರಲ್ಲಿ ಇದೆಯೆಂದಾದರೆ ಅದು ಕಣ್ಣಾರೆ ಕಂಡು, ಕೈಯಾರೆ ಮಾಡಿ ತಿಳಿಯಬೇಕೆಂಬ ಹಟ. ಆ ಹಟಕ್ಕೆ ಸ್ಪಷ್ಟ ರೂಪ ದೊರೆತದ್ದು ಪುತ್ತೂರಿನ ಮಕ್ಕಳ ನಡುವೆ.

ಉಡುಪಿ ಸೀಮೆಯ ಕೋಟದಲ್ಲಿ 1902ರ ಅಕ್ಟೋಬರ್ 10ರಂದು ಜನಿಸಿದ ಕಾರಂತರು, ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು 1922ರಲ್ಲಿ ಮಂಗಳೂರಿನ ಕಾಲೇಜನ್ನು ತೊರೆದರು. ಖಾದಿ ಪ್ರಚಾರ, ‘ವಸಂತ’ ಪತ್ರಿಕೆ, ನಾಟಕ, ಮೂಕಿ ಚಿತ್ರಗಳ ಪ್ರಯತ್ನ ಇವೆಲ್ಲ ಅನಂತರದ ಕೆಲವೇ ವರ್ಷಗಳ ಹರಹು. ತರಗತಿಯನ್ನು ಅರ್ಧಕ್ಕೆ ಬಿಟ್ಟವರಿಗೆ ತರಗತಿಯ ಮೇಲೆ ಅಸಡ್ಡೆ ಇರುವುದು ಸಹಜ. ಕಾರಂತರು ಅಸಡ್ಡೆಯಲ್ಲಿ ನಿಲ್ಲಲಿಲ್ಲ. ಅದಕ್ಕೆ ಬದಲಿಯೊಂದನ್ನು ಕಟ್ಟಲು ಹೊರಟರು.

ಸಹಕಾರಿ ಧುರೀಣ ಮೊಳಹಳ್ಳಿ ಶಿವರಾಯರ ಒತ್ತಾಸೆ ದೊರೆತ ಪುತ್ತೂರು ಇದಕ್ಕೆ ನೆಲೆಯಾಯಿತು. 1930ರ ದಶಕದಲ್ಲಿ ರೂಪುಗೊಂಡ ಬಾಲವನದಲ್ಲಿ ಕುಣಿತ, ಹಾಡು, ನಾಟಕ, ಚಿತ್ರಗಳು ಬಿಡುವಿನ ವೇಳೆಯ ರಂಜನೆಯಾಗಿರಲಿಲ್ಲ. ಕಲಿಕೆಯ ಮಾರ್ಗಗಳೇ ಆಗಿದ್ದವು. ಕುಣಿಯುವ ಮಗು ತಾಳದ ಲೆಕ್ಕವನ್ನು ಮೈಯಿಂದಲೇ ಗ್ರಹಿಸುತ್ತದೆ; ಎಲೆಯ ಚಿತ್ರ ಬರೆಯಹೊರಟ ಮಗು ಅದರ ನರಗಳ ಹೆಣಿಗೆಯನ್ನು ನೋಡಲೇಬೇಕಾಗುತ್ತದೆ. ವಿಜ್ಞಾನ ಮತ್ತು ಕಲೆಗಳು ಇಲ್ಲಿ ಬೇರೆಬೇರೆ ಪಾಠಗಳಲ್ಲ. ಗಾಂಧೀಜಿಯವರ ಬುನಾದಿ ಶಿಕ್ಷಣದ ಯೋಜನೆ ವಾರ್ಧಾದಲ್ಲಿ ಚರ್ಚೆಗೆ ಬಂದದ್ದು 1937ರಲ್ಲಿ. ಅದು ಉತ್ಪಾದಕ ಕಸುಬನ್ನು ಕೇಂದ್ರವಾಗಿಸಿಕೊಂಡರೆ, ಕಾರಂತರ ಒಲವು ಹೆಚ್ಚಾಗಿ ಕುತೂಹಲದ ಕಡೆಗಿತ್ತು.

1936ರಲ್ಲಿ ಹೊರಬಂದ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಇಂಗ್ಲಿಷ್‌ನಲ್ಲಿ ಆರ್ಥರ್ ಮೀ 1908ರಿಂದ ಪ್ರಕಟಿಸಿದ ಮಕ್ಕಳ ವಿಶ್ವಕೋಶದ ಹಿಂದೆ ಲೇಖಕರ ತಂಡವಿತ್ತು, ದೊಡ್ಡ ಪ್ರಕಾಶನದ ಬಲವಿತ್ತು. ಕನ್ನಡದಲ್ಲಿ ಅಂಥ ಹೊಣೆಯನ್ನು ಒಬ್ಬರೇ ಹೊತ್ತರು. ಆದರೆ ಇಲ್ಲೊಂದು ವೈರುಧ್ಯವಿದೆ. ಕಾರಂತರ ಅಭಿಮಾನಿಗಳು ಇದನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಪುಸ್ತಕದ ಕಲಿಕೆಯನ್ನು ಶಂಕಿಸಿದವರು ಮಕ್ಕಳ ಕೈಗಿತ್ತದ್ದು ಪುಸ್ತಕವನ್ನೇ. ವಿಶ್ವಕೋಶದ ಸ್ವರೂಪವೇ ಸಿದ್ಧ ತಿಳಿವಳಿಕೆಯನ್ನು ಒಪ್ಪಿಸುವಂಥದು. ಬಾಲವನಕ್ಕೆ ಬರಬಲ್ಲ ಮಕ್ಕಳು ಬೆರಳೆಣಿಕೆಯಷ್ಟು. ನಾಡಿನ ಉಳಿದ ಮಕ್ಕಳನ್ನು ಮುಟ್ಟಲು ಅಂದು ಅಚ್ಚಿನ ಹೊರತು ಬೇರೆ ಸಾಧನವಿರಲಿಲ್ಲವೆಂಬುದೇ ಇದಕ್ಕೆ ದೊರೆಯುವ ಸಮಾಧಾನ. ಬಾಲವನದ ಪ್ರಯೋಗವು ಶಾಲಾ ವ್ಯವಸ್ಥೆಯ ಭಾಗವಾಗಲಿಲ್ಲ, ಸಂಪುಟಗಳು ಉಳಿದವು.

ಆ ಉಳಿದ ಮಕ್ಕಳು ಒಂದೇ ಆಡಳಿತಕ್ಕೆ ಸೇರಿದವರೂ ಆಗಿರಲಿಲ್ಲ. 1936ರಲ್ಲಿ ಪುತ್ತೂರು ಮದ್ರಾಸ್ ಪ್ರಾಂತದಲ್ಲಿತ್ತು. ಕೊಪ್ಪಳ, ಯಲಬುರ್ಗಾ ಸೀಮೆಗಳು ಸಾಲಾರ್ ಜಂಗ್ ಜಹಗೀರಿಗೆ ಸೇರಿದ್ದರೆ, ಗಂಗಾವತಿ, ಕುಷ್ಟಗಿಗಳು ನಿಜಾಮ ಸಂಸ್ಥಾನದ ರಾಯಚೂರು ಜಿಲ್ಲೆಗೆ ಒಳಪಟ್ಟಿದ್ದವು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಮಾಧ್ಯಮ ಉರ್ದು. ಮೇಲಿನ ಓದು ಬಯಸುವ ಈ ಭಾಗದ ಮಗು ಮನೆಮಾತನ್ನು ಹಿಂದೆ ಬಿಟ್ಟೇ ಮುಂದೆ ಹೋಗಬೇಕಿತ್ತು. ಲೋಕಜ್ಞಾನವೆಲ್ಲ ಕನ್ನಡದಲ್ಲಿಯೇ ದೊರೆಯಬಲ್ಲದೆಂಬ ‘ಬಾಲಪ್ರಪಂಚ’ದ ನಿಲುವಿಗೆ ಕರಾವಳಿಗಿಂತ ಇಲ್ಲಿಯೇ ಹೆಚ್ಚಿನ ಅರ್ಥವಿತ್ತೆಂದು ತೋರುತ್ತದೆ. 1956ರ ಏಕೀಕರಣದಿಂದ ಎರಡೂ ಸೀಮೆಗಳು ಒಂದೇ ರಾಜ್ಯದೊಳಗೆ ಬಂದವು. 1959ರಿಂದ 1964ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಬಂದ ‘ವಿಜ್ಞಾನ ಪ್ರಪಂಚ’ಕ್ಕೆ ಆ ಒಂದುಗೂಡಿದ ನಾಡಿನ ಓದುಗರಿದ್ದರು.

ಕಾರಂತರ ಪದ್ಧತಿಯನ್ನು ಅವರ ಪುಸ್ತಕದಿಂದ ಬಿಡಿಸಿ ನೋಡಿದರೆ ಕೊಪ್ಪಳದ ಸೀಮೆಯಲ್ಲಿ ಅದಕ್ಕೆ ಬೇಕಾದ ಸಾಮಗ್ರಿ ಧಾರಾಳವಾಗಿದೆ. ಗಂಗಾವತಿಯ ಸಮೀಪದ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ನೂರಾರು ಕಲ್ಮನೆಗಳಿವೆ. ಬಂಡೆಯೊಂದರ ಮೇಲೆ ಬಡಿದರೆ ದನಿಗೊಡುವ ಕಲ್ಲಿನ ನಗಾರಿಯಿದೆ. ನಾದವೆಂದರೆ ಕಂಪನವೆಂಬುದನ್ನು ಹೇಳಲು ಇದಕ್ಕಿಂತ ಉತ್ತಮವಾದ ಉಪಕರಣ ಯಾವ ಪ್ರಯೋಗಾಲಯದಲ್ಲಿದೆ? ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸಿ, ಚಿಂದಿಯ ಪುಡಿ, ಮರದ ಹೊಟ್ಟು, ಅದೇ ಅಂಟು ಬೆರೆಸಿದ ಕಿಟ್ಟದಿಂದ ಗೊಂಬೆಗೆ ಆಕಾರ ತುಂಬುತ್ತಾರೆ. ಮರದ ಗುಣ, ಅಂಟಿನ ಗುಣ, ಬಣ್ಣ, ಅಳತೆ, ಪುರಾಣ ಎಲ್ಲವೂ ಆ ಒಂದು ಗೊಂಬೆಯಲ್ಲಿವೆ. ಹೀಗಿದ್ದೂ ಪ್ರಾಥಮಿಕ ಶಾಲೆಯ ಕಲಿಕೋಪಕರಣವೆಂದರೆ ಹೊರಗಿನಿಂದ ಪೆಟ್ಟಿಗೆಯಲ್ಲಿ ಬರುವ ವಸ್ತುವೆಂಬ ಗ್ರಹಿಕೆ ಬೇರೂರಿದೆ. ನಮ್ಮ ವಿಭಾಗಗಳಲ್ಲಿ ಕಾರಂತರ ಕಾದಂಬರಿಗಳನ್ನು ಕುರಿತು ನಡೆದಷ್ಟು ಚರ್ಚೆ ಅವರ ಈ ಮುಖವನ್ನು ಕುರಿತು ನಡೆದಿಲ್ಲದಿರುವುದೂ ಇದಕ್ಕೆ ಒಂದು ಕಾರಣವಾಗಿರಬಹುದು.

1955ರ ಮೈಸೂರು ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ, 1977ರ ಜ್ಞಾನಪೀಠ ಪ್ರಶಸ್ತಿ ಮೊದಲಾದುವು ಎಲ್ಲರೂ ಬಲ್ಲ ಸಂಗತಿಗಳು. ಎಪ್ಪತ್ತರ ದಶಕದಲ್ಲಿ ಕಾರಂತರು ಪುತ್ತೂರನ್ನು ಬಿಟ್ಟು ಸಾಲಿಗ್ರಾಮದಲ್ಲಿ ನೆಲೆಸಿದರು. ಬಾಲವನ ಮುಂದೆ ಅವರ ಸ್ಮಾರಕವಾಯಿತು. ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆ ರಚನೆಯಾದ 1997ರಲ್ಲಿಯೇ, ಡಿಸೆಂಬರ್ 9ರಂದು, ಅವರು ಮಣಿಪಾಲದಲ್ಲಿ ನಿಧನರಾದರು. ತೊಂಬತ್ತೈದರ ಆ ಇಳಿವಯಸ್ಸಿನಲ್ಲಿ ಅವರು ಬರೆಯುತ್ತಿದ್ದುದು ಹಕ್ಕಿಗಳನ್ನು ಕುರಿತ ಪುಸ್ತಕವನ್ನು.