ಗಾಲಿಯೂ ಗಾಳಿಯೂ: ಜಾರ್ಜ್ ಕೇಲಿ ಕಥೆ

ನಮ್ಮ ಮೂವರ ಸೈಕಲ್ ಗುಂಪಿನಲ್ಲಿ ಒಬ್ಬರ ಮನೆ ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಲ್ಲಿದೆ. ಹೋದ ಆಷಾಢದಲ್ಲಿ ರಜೆ ಸಿಕ್ಕಾಗ ರೋಡ್ ಬೈಕ್‌ಗಳ ಸಮೇತ ಅಲ್ಲಿಗೆ ಹೋಗಿದ್ವಿ. ಸೀನಿಯರ್ ಒಬ್ಬರಿಂದ ಒಂದು ವಾರಕ್ಕೆ ಅಂತ ಕೇಳಿ ತಂದ ಏರೋ ವೀಲ್‌ಸೆಟ್ ಕೂಡ ಜೊತೆಗಿತ್ತು. 60 ಮಿ.ಮೀ. ಆಳದ ಕಾರ್ಬನ್ ರಿಮ್. ಚೆನ್ನಾಗಿದ್ರೆ ಅಂಥದ್ದೇ ಒಂದು ಸೆಟ್ ಕೊಳ್ಳೋದು ಅಂತ ಪ್ಲಾನ್. ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದು ಪಾಲು ಕೊಡ್ತೀವಿ ಅಂತ ಆ ಮನೆಯವರು ಒಪ್ಪಿದ್ದರು. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿಸಿ, ಸುಲಿದು, ಒಡೆದು, ತಿಪಟೂರು ಮಾರ್ಕೆಟ್‌ಗೆ ಹಾಕಿದ ಮೇಲೆ ಬರೋ ದುಡ್ಡು ಅದು.

ತೆಂಗಿನ ತೋಟಗಳ ಮಧ್ಯೆ ಇರೋವರೆಗೂ ಆ ಗಾಲಿಗಳು ಸೊಗಸಾಗಿ ಓಡಿದವು. ತೋಟ ಮುಗಿದು ಕೆರೆ ಏರಿ ಶುರುವಾಯ್ತು ನೋಡಿ, ಆಷಾಢದ ಗಾಳಿ ಪಕ್ಕದಿಂದ ಬಂದು ಮುಂದಿನ ಗಾಲಿಯನ್ನು ಕೈಯಲ್ಲಿ ತಳ್ಳಿದ ಹಾಗೆ ತಳ್ಳಿತು. ಸೈಕಲ್ ಡಾಂಬರು ಬಿಟ್ಟು ಮಣ್ಣಿಗಿಳೀತು. ಇನ್ನೊಂದು ಮೊಳ ಜರುಗಿದ್ದರೆ ಏರಿಯ ಕೆಳಗೆ ಇರ್ತಿದ್ವಿ.

ಸಾಯಂಕಾಲ ಮಂಡಿಗೆ ಅರಿಶಿಣ ಹಚ್ಚಿಕೊಂಡು ಕೂತಾಗ, ಕೊಟ್ಟಿಗೆ ಪಕ್ಕ ತಾತನ ಕಾಲದ ಎತ್ತಿನ ಗಾಡಿ ಕಾಣಿಸ್ತು. ಅದರ ಗಾಲಿಗೆ ತೋಳಿನಷ್ಟು ದಪ್ಪದ ಮರದ ಅರಗಳು. ನಮ್ಮ ಸೈಕಲ್ಲಿಗೆ ಕಡ್ಡಿ ಥರದ ತಂತಿಗಳು. ಇಷ್ಟು ತೆಳ್ಳನೆಯ ತಂತಿ ಮೇಲೆ ಮನುಷ್ಯ ಕೂರಬಹುದು ಅಂತ ಮೊದಲು ಯಾರಿಗೆ ಹೊಳೀತು ಅಂತ ಹುಡುಕಿದ್ವಿ. ಸಿಕ್ಕ ಹೆಸರು ಸರ್ ಜಾರ್ಜ್ ಕೇಲಿ. ಏರೋಡೈನಮಿಕ್ಸ್‌ಗೆ ಅಡಿಪಾಯ ಹಾಕಿದವರೂ ಅವರೇ ಅಂತ ಗೊತ್ತಾದಾಗ ನಮಗೆ ನಿಜವಾಗ್ಲೂ ಆಶ್ಚರ್ಯ ಆಯ್ತು.

ಕೇಲಿ ಹುಟ್ಟಿದ್ದು 1773ರ ಡಿಸೆಂಬರ್ 27ರಂದು, ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿರುವ ಸ್ಕಾರ್‌ಬರೋದಲ್ಲಿ. 1792ರಲ್ಲಿ ತಂದೆ ತೀರಿಕೊಂಡರು. ಬ್ರಾಂಪ್ಟನ್ ಅನ್ನೋ ಹಳ್ಳಿಯ ಜಮೀನೂ ಮನೆತನದ ಪದವಿಯೂ ಒಟ್ಟಿಗೇ ಇವರ ಹೆಗಲಿಗೆ ಬಂದವು. ಆಗ ಅವರಿಗೆ 18 ವರ್ಷ, ನಮಗಿಂತ ಒಂದು ವರ್ಷ ಚಿಕ್ಕವರು. ಆರಾಮಾಗಿ ಗೇಣಿ ವಸೂಲಿ ಮಾಡಿಕೊಂಡು ಇರಬಹುದಿತ್ತು. ಆದರೆ ಅವರ ತಲೆಯಲ್ಲಿದ್ದದ್ದು ಒಂದೇ, ಮನುಷ್ಯ ಹಾರೋದು ಹೇಗೆ?

ಅಲ್ಲಿವರೆಗೆ ಹಾರಲು ಹೊರಟವರಲ್ಲಿ ಬಹಳ ಜನ ಹಕ್ಕಿಯ ಹಾಗೆ ರೆಕ್ಕೆ ಬಡಿಯೋ ಯಂತ್ರ ಮಾಡ್ತಿದ್ದರು. ಎತ್ತೋ ಕೆಲಸ, ಮುಂದೆ ತಳ್ಳೋ ಕೆಲಸ ಎರಡನ್ನೂ ಒಂದೇ ರೆಕ್ಕೆಯಿಂದ ಮಾಡಿಸಲು ಹೋಗಿ ಸೋಲ್ತಿದ್ದರು. ಕೇಲಿ ಎರಡನ್ನೂ ಬಿಡಿಸಿ ನೋಡಿದರು. 1799ರಲ್ಲಿ ಒಂದು ಪುಟ್ಟ ಬೆಳ್ಳಿ ಬಿಲ್ಲೆಯ ಮೇಲೆ ಅದನ್ನು ಕೆತ್ತಿಸಿದರು. ಒಂದು ಕಡೆ ಅಲ್ಲಾಡದ ರೆಕ್ಕೆ, ಬಾಲ ಇರುವ ವಿಮಾನ. ಇನ್ನೊಂದು ಕಡೆ ರೆಕ್ಕೆ ಮೇಲೆ ಬೀಳುವ ಬಲಗಳ ಚಿತ್ರ, ಅಂದ್ರೆ ನಾವು ಪರೀಕ್ಷೆಯಲ್ಲಿ ಬರೆಯೋ ಲಿಫ್ಟ್ ಮತ್ತು ಡ್ರ್ಯಾಗ್. ಆ ಬಿಲ್ಲೆ ಈಗ ಲಂಡನ್ನಿನ ಸೈನ್ಸ್ ಮ್ಯೂಸಿಯಂನಲ್ಲಿದೆ.

ಚಿತ್ರ ಬರೆದರೆ ಸಾಲದು, ಅಳೀಬೇಕು. ವಿಂಡ್ ಟನಲ್ ಇನ್ನೂ ಹುಟ್ಟಿರಲಿಲ್ಲ. 1804ರಲ್ಲಿ ಕೇಲಿ ತಿರುಗುವ ಒಂದು ತೋಳು ಮಾಡಿ, ಅದರ ತುದಿಗೆ ರೆಕ್ಕೆಯ ಮಾದರಿ ಕಟ್ಟಿದರು. ಹಗ್ಗಕ್ಕೆ ಕಟ್ಟಿದ ತೂಕ ಕೆಳಗೆ ಬೀಳ್ತಾ ತೋಳನ್ನು ತಿರುಗಿಸುತ್ತೆ. ಎಷ್ಟು ಕೋನಕ್ಕೆ ಎಷ್ಟು ಎತ್ತುತ್ತೆ, ಎಷ್ಟು ಎಳೆಯುತ್ತೆ ಅಂತ ಲೆಕ್ಕ. ಇಂಥ ತೋಳನ್ನು ಬೇರೆಯವರು ಮುಂಚೆಯೇ ಬಳಸಿದ್ದರು. ಅದನ್ನು ಹಾರುವ ರೆಕ್ಕೆಯ ಪ್ರಶ್ನೆಗೆ ತಂದವರು ಕೇಲಿ.

ಇನ್ನು ಗಾಲಿ ವಿಷಯ. ವಿಮಾನ ಹಗುರ ಇರಬೇಕು, ನೆಲದ ಮೇಲೆ ಓಡಲು ಗಾಲಿಯೂ ಬೇಕು. ಗಾಡಿಯ ಮರದ ಗಾಲಿ ಹಾಕಿದರೆ ಕಥೆ ಮುಗೀತು. ಗಾಡಿ ಗಾಲಿಯಲ್ಲಿ ಭಾರ ಕೆಳಗಿನ ಅರದ ಮೇಲೆ ನಿಲ್ಲುತ್ತೆ, ಬಾಗದೆ ಮುರಿಯದೆ ಹೊರೋಕೆ ಅದು ದಪ್ಪ ಇರಲೇಬೇಕು. 1808ರಲ್ಲಿ ಕೇಲಿ ಇದನ್ನು ತಿರುಗಾಮುರುಗಾ ಮಾಡಿದರು. ಅರ ತೆಗೆದು, ಬಿಗಿಯಾಗಿ ಎಳೆದ ಹುರಿಗಳಿಂದ ನಡುವಿನ ಗುಂಬವನ್ನು ರಿಮ್‌ಗೆ ಕಟ್ಟುವುದು. ಹುರಿ, ತಂತಿ ಒತ್ತಿದರೆ ಬಾಗುತ್ತೆ, ಎಳೆದರೆ ಮಾತ್ರ ಗಟ್ಟಿ. ಎಲ್ಲವನ್ನೂ ಮೊದಲೇ ಎಳೆದು ಬಿಗಿದಿಟ್ಟರೆ, ಭಾರ ಬಿದ್ದಾಗ ಕೆಳಗಿನದರ ಬಿಗಿ ಸ್ವಲ್ಪ ಕಡಿಮೆ ಆಗುತ್ತೆ, ಅಷ್ಟೆ. ಸೈಕಲ್ ಶಾಪಿನಲ್ಲಿ ಕಡ್ಡಿ ಟೈಟ್ ಮಾಡಿ ಬೆಂಡ್ ತೆಗೆಯೋದರ ಹಿಂದಿರೋದೂ ಇದೇ ತತ್ವ.

1809–10ರಲ್ಲಿ ಅವರು ಹಾರಾಟದ ಬಗ್ಗೆ ಮೂರು ಭಾಗದ ಲೇಖನ ಪ್ರಕಟಿಸಿದರು. ಯಾವ ಆಕಾರಕ್ಕೆ ಗಾಳಿಯ ತಡೆ ಕಡಿಮೆ ಅಂತ ತಿಳಿಯೋಕೆ ಟ್ರೌಟ್ ಮೀನಿನ ಮೈಯ ಸುತ್ತಳತೆಯನ್ನು ತಲೆಯಿಂದ ಬಾಲದವರೆಗೆ ಅಳೆದಿದ್ದರು. ಮುಂಭಾಗ ಮಾತ್ರ ನುಣುಪಾಗಿದ್ದರೆ ಸಾಲದು, ಹಿಂಭಾಗದ ಆಕಾರವೂ ಅಷ್ಟೇ ಮುಖ್ಯ ಅನ್ನೋದನ್ನು ಅವರು ಗುರುತಿಸಿದರು. ಡೀಪ್ ಸೆಕ್ಷನ್ ರಿಮ್‌ನ ಗುಟ್ಟೂ ಇದೇ. ಗಾಳಿಗೆ ಮೊದಲು ಸಿಗೋದು ಟೈರು, ಅದರ ಹಿಂದೆ ಆಳದ ರಿಮ್ ಮೀನಿನ ಬಾಲದ ಹಾಗೆ ಗಾಳಿಯನ್ನು ಮೆಲ್ಲಗೆ ಕೂಡಿಸುತ್ತೆ. ಟೈರು ರಿಮ್‌ಗಿಂತ ದಪ್ಪ ಆದರೆ ಗಾಳಿ ರಿಮ್‌ಗೆ ಅಂಟಿಕೊಳ್ಳದೆ ಬಿಟ್ಟುಹೋಗುತ್ತೆ, ಕೊಟ್ಟ ದುಡ್ಡು ದಂಡ.

ಕೇಲಿಗೆ ಸಿಗದೇ ಹೋದದ್ದು ಹಗುರವಾದ ಎಂಜಿನ್. ಸ್ಟೀಮ್ ಎಂಜಿನ್ ಭಾರ. ಗನ್‌ಪೌಡರ್ ಎಂಜಿನ್, ಬಿಸಿಗಾಳಿ ಎಂಜಿನ್ ಅಂತ ಏನೇನೋ ಪ್ರಯತ್ನಿಸಿದರು, ಹಾರಿಸುವಂಥದ್ದು ಬರಲಿಲ್ಲ. ಹಾಗಂತ ಸುಮ್ಮನೆ ಕೂರಲಿಲ್ಲ. 1825ರಲ್ಲಿ ಚೈನ್ ಪಟ್ಟಿ ಮೇಲೆ ಓಡುವ ಗಾಡಿಗೆ ಪೇಟೆಂಟ್ ಪಡೆದರು. ಕೈ ಕಳೆದುಕೊಂಡ ಗೇಣಿದಾರನ ಮಗನಿಗೆ ಕೃತಕ ಕೈ ಮಾಡಿಕೊಟ್ಟರು. 1832ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದರು. 1838ರಲ್ಲಿ ಲಂಡನ್ನಿನಲ್ಲಿ ಪಾಲಿಟೆಕ್ನಿಕ್ ಸಂಸ್ಥೆ ಕಟ್ಟುವವರಲ್ಲಿ ಮುಂದೆ ನಿಂತರು.

ಎಂಜಿನ್ ಇಲ್ಲದಿದ್ದರೇನು, ಇಳಿಜಾರಿದೆಯಲ್ಲ! 1849ರಲ್ಲಿ ಒಬ್ಬ ಹುಡುಗನನ್ನು ಹೊತ್ತು ಅವರ ಗ್ಲೈಡರ್ ನೆಲ ಬಿಟ್ಟೆದ್ದಿತು. 1853ರಲ್ಲಿ ಅವರ ಕುದುರೆಗಾಡಿಯ ಚಾಲಕ ಬ್ರಾಂಪ್ಟನ್ ಕಣಿವೆಯ ಮೇಲೆ ತೇಲಿ ಆಚೆ ಇಳಿದ. ಆಗ ಕೇಲಿಗೆ 79 ವರ್ಷ. 1857ರ ಡಿಸೆಂಬರ್ 15ರಂದು ತೀರಿಕೊಂಡರು.

ಪೆಡಲ್ ಇರುವ ಸೈಕಲ್ಲುಗಳು ಜನರ ಕೈಗೆ ಬಂದದ್ದು ಅದಾದ ಮೇಲೆ, 1860ರ ದಶಕದಲ್ಲಿ. ತಂತಿ ಗಾಲಿ ಸೈಕಲ್ಲಿಗೆ ಬಂದದ್ದು 1870ರ ಆಸುಪಾಸಿನಲ್ಲಿ. ವಿಮಾನಕ್ಕೆ ಅಂತ ಯೋಚಿಸಿದ ಗಾಲಿ ಸೈಕಲ್ಲಿಗೆ ಸೇರಿತು, ಕೇಲಿ ಅದನ್ನು ನೋಡಲಿಲ್ಲ. 1903ರಲ್ಲಿ ಎಂಜಿನ್ ವಿಮಾನ ಹಾರಿಸಿದ ರೈಟ್ ಸಹೋದರರು ಸೈಕಲ್ ಅಂಗಡಿಯವರು. 1901ರಲ್ಲಿ ಅವರು ಸೈಕಲ್ ಮುಂದೆ ಇನ್ನೊಂದು ಗಾಲಿಯನ್ನು ಅಡ್ಡಡ್ಡ ಕೂರಿಸಿ, ಅದರ ಮೇಲೆ ರೆಕ್ಕೆಯ ತುಂಡು ಕಟ್ಟಿ, ಓಡಿಸಿಕೊಂಡೇ ಗಾಳಿಯ ಬಲ ಅಳೆದಿದ್ದರು.

ಇಷ್ಟು ಓದಿದ ಮೇಲೆ ನಮಗೆ ನಾಚಿಕೆ ಆಯ್ತು. ನಾವು ಆ ಗಾಲಿ ಬಯಸಿದ್ದು ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂತ, ಏನನ್ನೂ ಅಳೆದಿರಲಿಲ್ಲ. ಮಾರನೇ ದಿನ ಬೆಳಗ್ಗೆ, ಗಾಳಿ ಏಳೋ ಮೊದಲು, ಒಂದು ಇಳಿಜಾರು ಆರಿಸಿದ್ವಿ. ಒಬ್ಬರೇ ಸವಾರರು, ಪೆಡಲ್ ತುಳಿಯೋ ಹಾಗಿಲ್ಲ, ಒಂದು ಮರದಿಂದ ಇನ್ನೊಂದು ಮರಕ್ಕೆ ಎಷ್ಟು ಹೊತ್ತು ಅಂತ ಸ್ಟಾಪ್‌ವಾಚ್. ಹಳೇ ಗಾಲಿ, ಏರೋ ಗಾಲಿ, ಎರಡರಲ್ಲೂ ಹತ್ತತ್ತು ಸಲ. ಏರೋ ಗಾಲಿ ಸ್ವಲ್ಪ ಬೇಗ ಇಳೀತು, ಸುಳ್ಳು ಹೇಳಲ್ಲ. ಆದರೆ ಹಳೇ ಗಾಲಿಯಲ್ಲೇ ಮೊಣಕೈ ಮಡಚಿ ತಲೆ ತಗ್ಗಿಸಿದಾಗ ಅದಕ್ಕಿಂತ ಹೆಚ್ಚು ಉಳೀತು. ಸೈಕಲ್ ಸವಾರಿಯಲ್ಲಿ ಗಾಳಿಗೆ ಹೆಚ್ಚು ಅಡ್ಡ ಬರೋದು ನಮ್ಮ ಮೈಯೇ.

ಟೈಮ್ ಟ್ರಯಲ್ ಓಡಿಸುವ ವಿಜಯಪುರ, ಬಾಗಲಕೋಟೆ ಕಡೆಯ ಪಟುಗಳಿಗೆ ಒಂದೊಂದು ಸೆಕೆಂಡೂ ಲೆಕ್ಕ, ಅವರಿಗೆ ಆಳದ ರಿಮ್ ಬೇಕು. ಕೊಳ್ಳುವವರಿಗೆ ನಾವು ಹೇಳೋದಿಷ್ಟು: ಹಿಂದಿನ ಗಾಲಿ ಆಳ ಇದ್ದರೂ ನಡೆಯುತ್ತೆ, ಅದು ಹ್ಯಾಂಡಲ್ ತಿರುಗಿಸಲ್ಲ. ಮುಂದಿನದು ಕಡಿಮೆ ಆಳದ್ದಿರಲಿ. ನಿಮ್ಮ ರಸ್ತೆಯಲ್ಲಿ ಕೆರೆ ಏರಿ ಎಲ್ಲಿದೆ, ಗಾಳಿ ಯಾವ ತಿಂಗಳು ಯಾವ ಕಡೆಯಿಂದ ಬೀಸುತ್ತೆ ಅಂತ ಮೊದಲು ನೋಡಿ.

ವೀಲ್‌ಸೆಟ್ ಸೀನಿಯರ್‌ಗೆ ವಾಪಸ್ ಕೊಟ್ವಿ. ಕೊಬ್ಬರಿ ದುಡ್ಡು ಮನೆಯಲ್ಲೇ ಉಳೀತು. ಈಗ ಮೊಣಕೈ ಮಡಚಿ ಓಡಿಸೋ ಪ್ರಾಕ್ಟೀಸ್ ನಡೀತಿದೆ, ಬೆನ್ನು ಮಾತ್ರ ಸಿಕ್ಕಾಪಟ್ಟೆ ನೋಯ್ತಿದೆ.