ಕುಂಚವನ್ನೇ ಕಾಣಿಕೆಯಾಗಿತ್ತ ಸಹೋದರ ಅಂತೋನಿಯೊ ಮೊಸ್ಕೇನಿ

ಧರ್ಮಸಭೆಯ ಸೇವೆ ಎಂದೊಡನೆ ಗುರುಗಳೂ ಕನ್ಯಾಸ್ತ್ರೀಯರೂ ನಮ್ಮ ಕಣ್ಣೆದುರು ನಿಲ್ಲುವುದು ಸಹಜ. ಗುರುದೀಕ್ಷೆ ಪಡೆಯದೆ, ಪ್ರಬೋಧನೆಯ ಒಂದು ಮಾತನ್ನೂ ಆಡದೆ, ದೇವರು ತನ್ನ ಕೈಗಿತ್ತ ವರದಿಂದಲೇ ನೂರು ವರ್ಷಗಳಿಗೂ ಮಿಕ್ಕಿ ಕನ್ನಡ ನಾಡಿನ ಜನರಿಗೆ ಶುಭಸಂದೇಶವನ್ನು ಸಾರುತ್ತಿರುವ ಒಬ್ಬ ಸಹೋದರರಿದ್ದಾರೆ. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಅವರ ಬಾಳನ್ನು ಸ್ಮರಿಸುವುದು ನಮಗೆ ಹಿತಕರ.

ಅಂತೋನಿಯೊ ಮೊಸ್ಕೇನಿಯವರು 1854ರ ಜನವರಿ 17ರಂದು ಇಟಲಿಯ ಬೆರ್ಗಮೊ ನಗರದ ಸಮೀಪದ ಸ್ತೆತ್ಸಾನೊ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಚಿತ್ರಕಲೆಯತ್ತ ಒಲವು ತೋರಿದ ಅವರು ಬೆರ್ಗಮೊದ ಪ್ರಸಿದ್ಧ ಕರ್ರಾರ ಕಲಾಶಾಲೆಯಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದು, ದೇವಾಲಯಗಳ ಗೋಡೆಗಳನ್ನು ಚಿತ್ರಗಳಿಂದ ಅಲಂಕರಿಸುವ ಕಲಾವಿದರಾದರು. ಕೈಯಲ್ಲಿ ವಿದ್ಯೆಯಿತ್ತು, ಮುಂದೆ ಹೆಸರು ಗಳಿಸುವ ದಾರಿಯೂ ತೆರೆದಿತ್ತು. ಆದರೆ 1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಅವರು ಯೇಸುಸಭೆಯನ್ನು ಸೇರಿದರು. ಅದೂ ಗುರುವಾಗಿ ಅಲ್ಲ, ಸಹೋದರನಾಗಿ. ಅಡುಗೆ, ಬಡಗಿಕೆಲಸ, ಹೊಲಿಗೆ, ದ್ವಾರಪಾಲನೆ ಮುಂತಾದ ಮರೆಯ ಸೇವೆಗಳೇ ಆ ಕಾಲದಲ್ಲಿ ಸಹೋದರರ ಪಾಲಿಗೆ ಬರುತ್ತಿದ್ದವು.

ಲೋಕವನ್ನು ತೊರೆದವನು ಕಲೆಯನ್ನೂ ತೊರೆಯಬೇಕೆ? ಮೊಸ್ಕೇನಿಯವರು ತೊರೆದದ್ದು ಕಲೆಯಿಂದ ಬರುವ ಹಣವನ್ನು, ಕೀರ್ತಿಯನ್ನು, ಕಲೆಯನ್ನಲ್ಲ. ಸಭೆಯ ಹಿರಿಯರೂ ಆ ವರವನ್ನು ಗುರುತಿಸಿ ಅದಕ್ಕೆ ತಕ್ಕ ಕೆಲಸವನ್ನೇ ವಹಿಸಿದರು. ಹಾಗೆ ಸಭೆಯ ಹಲವು ದೇವಾಲಯಗಳನ್ನು ಚಿತ್ರಿಸುತ್ತ ಸಾಗಿದ ಅವರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವಿಧೇಯತೆಯು ಮಂಗಳೂರಿಗೆ ಕರೆತಂದಿತು.

ಇಟಲಿಯ ಯೇಸುಸಭೆಯ ಗುರುಗಳು ಮಂಗಳೂರಿಗೆ ಬಂದದ್ದು 1878ರ ಕೊನೆಯ ದಿನ. 1880ರಲ್ಲಿ ಅವರು ಸಂತ ಅಲೋಶಿಯಸ್ ವಿದ್ಯಾಲಯವನ್ನು ಆರಂಭಿಸಿದರು; ಅದರ ಪ್ರಾರ್ಥನಾಲಯವೂ ಆ ದಶಕದಲ್ಲಿಯೇ ಎದ್ದು ನಿಂತಿತು. ಅದರ ಬರಿಯ ಗೋಡೆಗಳೂ ಮೇಲ್ಛಾವಣಿಯೂ ಸಹೋದರ ಮೊಸ್ಕೇನಿಯವರ ಪಾಲಿಗೆ ಬಂದವು. ಎರಡು ವರ್ಷಗಳಿಗೂ ಹೆಚ್ಚು ಕಾಲ ಅವರು ಅಟ್ಟಣೆಯ ಮೇಲೆ ದುಡಿದರು. ಅರಸುಮನೆತನದ ಹಕ್ಕನ್ನು ತ್ಯಜಿಸಿ ಸನ್ಯಾಸ ಸ್ವೀಕರಿಸಿದ, ರೋಮಿನಲ್ಲಿ ಪ್ಲೇಗು ಪೀಡಿತರ ಶುಶ್ರೂಷೆ ಮಾಡಿ 1591ರಲ್ಲಿ 23ನೆಯ ವಯಸ್ಸಿನಲ್ಲಿಯೇ ದೈವಾಧೀನರಾದ ಸಂತ ಅಲೋಶಿಯಸರ ಜೀವನವು ಛಾವಣಿಯ ಮೇಲೆ ಮೂಡಿತು. ಗೋಡೆಗಳಲ್ಲಿ ಪ್ರಭುವಿನ ಜೀವನದ ದೃಶ್ಯಗಳೂ ಪ್ರೇಷಿತರೂ ಸಂತರೂ ಬಂದು ನಿಂತರು. ಅಕ್ಷರ ಅರಿಯದವನೂ ತಲೆಯೆತ್ತಿ ನೋಡಿ ಓದಬಲ್ಲ ಧರ್ಮೋಪದೇಶ ಅದು.

ಇಲ್ಲಿಯ ಅನೇಕ ಚಿತ್ರಗಳು ಹಸಿ ಗಾರೆಯ ಮೇಲೆ ಬರೆದವು. ಈ ಕಲೆಯ ಮರ್ಮವನ್ನು ಅರಿಯುವುದು ಒಳ್ಳೆಯದು. ಸುಣ್ಣದ ಗಾರೆ ಇನ್ನೂ ತೇವವಾಗಿರುವಾಗಲೇ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಗಟ್ಟಿಯಾದಂತೆ ಬಣ್ಣವು ಗೋಡೆಯಲ್ಲಿಯೇ ಒಂದಾಗುತ್ತದೆ. ಒಂದು ದಿನಕ್ಕೆ ಎಷ್ಟು ಬರೆಯಬಹುದೋ ಅಷ್ಟೇ ಗಾರೆಯನ್ನು ಬಳಿಯಬೇಕು. ಹದ ತಪ್ಪಿದರೆ ಎಂಥ ನಿಪುಣನ ಕುಂಚವೂ ವ್ಯರ್ಥ. ಕೂರಿಗೆ ಹಿಡಿದು ಭತ್ತ ಬಿತ್ತುವ ನಮ್ಮ ಮುಗದದ ರೈತನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ನೆಲದ ಹದ ಆರಿದ ಮೇಲೆ ಕಣಜದ ಬೀಜ ಎಷ್ಟು ಉತ್ತಮವಾಗಿದ್ದರೇನು? ಗಾರೆಯನ್ನು ಸಕಾಲದಲ್ಲಿ ಹದಗೊಳಿಸುವ ಕೈ ಇಲ್ಲದಿದ್ದರೆ ಚಿತ್ರಕಾರನ ಕೈ ಏನನ್ನೂ ಸಾಧಿಸಲಾರದು. ಕ್ರಿಸ್ತರ ಶರೀರದ ಅಂಗಗಳು ಅನೇಕವೆಂಬ ಸಂತ ಪೌಲರ ಬೋಧನೆ ಆ ಗೋಡೆಯಲ್ಲಿಯೇ ಸಾಕಾರಗೊಂಡಿದೆ.

ಮಂಗಳೂರಿನ ಕಾರ್ಯದ ನಂತರ ಮೊಸ್ಕೇನಿಯವರು ಕೊಚ್ಚಿಯ ಸಾಂತಾಕ್ರೂಜ್ ಪ್ರಧಾನಾಲಯದ ಅಲಂಕರಣಕ್ಕೆ ತೆರಳಿದರು. ಅಲ್ಲಿಯೇ 1905ರ ನವೆಂಬರ್ 15ರಂದು, 51ನೆಯ ವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು. ನಾಲ್ಕು ದಿನಗಳ ನಂತರ, 19ರಂದು, ಆ ದೇವಾಲಯದ ಪ್ರತಿಷ್ಠಾಪನೆ ನಡೆಯಿತು. ತಾವು ಅಲಂಕರಿಸಿದ ಪೀಠದಲ್ಲಿ ಆ ದಿನ ಅರ್ಪಿತವಾದ ಬಲಿಪೂಜೆಯನ್ನು ಕಾಣುವ ಭಾಗ್ಯ ಅವರಿಗೆ ದೊರೆಯಲಿಲ್ಲ. ಕರಾವಳಿಯ ತೇವಕ್ಕೂ ಕಾಲಕ್ಕೂ ಸಿಕ್ಕಿ ಮಂಗಳೂರಿನ ಚಿತ್ರಗಳು ಮಾಸತೊಡಗಿದಾಗ, 1990ರ ದಶಕದಲ್ಲಿ ತಜ್ಞರು ಅವುಗಳನ್ನು ಜೋಪಾನವಾಗಿ ಪುನರುಜ್ಜೀವನಗೊಳಿಸಿದರು. ಒಬ್ಬನ ವರವನ್ನು ಮತ್ತೊಬ್ಬರ ವರವು ಕಾಪಾಡಿತು.

ಪ್ರಿಯ ಭಕ್ತಾದಿಗಳೇ, ಯಜಮಾನನು ಕೊಟ್ಟ ಹಣವನ್ನು ಮಣ್ಣಿನಲ್ಲಿ ಹೂತಿಟ್ಟ ಸೇವಕನ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಅವನು ಕದಿಯಲಿಲ್ಲ, ದುಂದುಮಾಡಲಿಲ್ಲ. ಅಂಜಿ ಬಚ್ಚಿಟ್ಟನು, ಅಷ್ಟೆ. ಆದರೂ ಅವನು ದಂಡನೆಗೆ ಗುರಿಯಾದನು. ನಮ್ಮ ನಡುವೆಯೂ ಇಂಪಾದ ಕಂಠವಿದ್ದು ಗಾಯನವೃಂದಕ್ಕೆ ಬಾರದವರಿದ್ದಾರೆ. ಲೆಕ್ಕಪತ್ರ ಬಲ್ಲವರು, ಗಾರೆ ಕೆಲಸದವರು, ಮಕ್ಕಳಿಗೆ ಕಲಿಸಬಲ್ಲವರು, ರೋಗಿಯ ಬಳಿ ತಾಳ್ಮೆಯಿಂದ ಕೂರಬಲ್ಲವರು ಇದ್ದಾರೆ. ತಮ್ಮನ್ನು ಯಾರೂ ಕೇಳಲಿಲ್ಲವೆಂದು ಅವರು ಸುಮ್ಮನಿದ್ದಾರೆ. ಅವರಾಗಿ ಬರಲಿಲ್ಲವೆಂದು ಧರ್ಮಕೇಂದ್ರವೂ ಸುಮ್ಮನಿದೆ. ಈ ಎರಡು ಮೌನಗಳ ನಡುವೆ ದೇವರ ವರಗಳು ಮಣ್ಣುಪಾಲಾಗುತ್ತವೆ. ಮೊಸ್ಕೇನಿಯವರು ತಮ್ಮ ವರವನ್ನು ಅಡಗಿಸಲಿಲ್ಲ. ಅವರ ಹಿರಿಯರು ಅದನ್ನು ಕೇಳಿ ಪಡೆಯಲು ಹಿಂಜರಿಯಲಿಲ್ಲ.

ನೂರು ವರ್ಷಗಳ ಹಿಂದಿನವರ ಶ್ರಮವನ್ನು ಕೊಂಡಾಡುತ್ತಿರುವ ನಾವು ಮುಂದಿನ ನೂರು ವರ್ಷಗಳ ಗೋಡೆಗೆ ಗಾರೆಯನ್ನು ಇಂದೇ ಕಲಸಬೇಕಾಗಿದೆ. ಹದ ಆರುವ ಮುನ್ನ ಪ್ರತಿಯೊಬ್ಬರೂ ತಮ್ಮ ತಮ್ಮ ಬಣ್ಣವನ್ನು ತರುವಂತಾಗಲಿ. ಸಕಲ ವರಗಳ ದಾತನಾದ ಪವಿತ್ರಾತ್ಮನು ನಮ್ಮ ಧರ್ಮಕೇಂದ್ರವನ್ನು ಹರಸಲಿ.